ಪಕ್ಕದ ಮನೆಯ ಬಾತ್‌ಟಬ್ಬು

ಗೇಟಿಗೆ ಹೊಡೆದು ಉಳಿದಿದ್ದ ಬಣ್ಣವನ್ನು ದೊಡ್ಡಮ್ಮನ ಮನೆಯ ಸ್ನಾನದ ಟಬ್ಬಿಗೆ ಹೊಡೆದೆ. ಅದು ಮೊದಲ ತಪ್ಪು. ಒಣಗಿದೆಯೋ ಇಲ್ಲವೋ ಎಂದು ಬೆರಳಲ್ಲಿ ಮುಟ್ಟಿ ನೋಡುವ ಬದಲು, ಚಡ್ಡಿಯಲ್ಲೇ ಒಳಗಿಳಿದು ಕಾಲು ಚಾಚಿ ಮಲಗಿ ನೋಡಿದೆ. ಅದು ಎಷ್ಟನೆಯ ತಪ್ಪೋ, ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಏಳಲು ಹೋದರೆ ನಾನು ಬರುತ್ತಿದ್ದೆ, ಬೆನ್ನು ಬರುತ್ತಿರಲಿಲ್ಲ. ಕೂಗಿದ್ದಕ್ಕೆ ದೊಡ್ಡಮ್ಮ ಶೇಂಗಾ ಎಣ್ಣೆಯ ಗಿಂಡಿ ಹಿಡಿದು ಬಂದರು. ಹೆಂಚಿನಿಂದ ದೋಸೆ ಎಬ್ಬಿಸುವಂತೆ ಸುತ್ತಲೂ ಎಣ್ಣೆ ಬಿಟ್ಟು ನನ್ನನ್ನು ಎಬ್ಬಿಸಿದರು. ಬಣ್ಣ, ಬೆವರು, ಎಣ್ಣೆ ಸೇರಿದ ಆ ಕಮಟು ವಾಸನೆಗೆ ದೊಡ್ಡಪ್ಪ ನೆನಪಾದರು...

ಸ್ವಂತ ದೊಡ್ಡಪ್ಪ ಅಲ್ಲ. ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು. ಮನೆ ಹಿಂದೆಯೇ ಅವರ ಶೇಂಗಾ ಎಣ್ಣೆ ಮಿಲ್ಲು. ಬಳ್ಳಾರಿ ಕಡೆ ಯಾವುದೋ ಹಳೇ ಬಂಗಲೆ ಕೆಡವುವಾಗ ಈ ಕಬ್ಬಿಣದ ಟಬ್ಬನ್ನು ಕೊಂಡು, ಲಾರಿಯಲ್ಲಿ ಶೇಂಗಾ ಚೀಲಗಳ ಮೇಲೆ ಹೇರಿಸಿ, ರಾಂಪುರದ ದಾರಿಯಲ್ಲಿ ತಂದಿದ್ದರಂತೆ. ಆಗ ನಾನಿನ್ನೂ ತೊಟ್ಟಿಲ ಕೂಸು. ನನಗೆ ಬುದ್ಧಿ ಬರುವ ಹೊತ್ತಿಗೆ ಅದರ ಒಂದು ಕಾಲು ಮುರಿದು, ಆ ಜಾಗಕ್ಕೆ ಕಲ್ಲು ಬಂದಿತ್ತು. ಒಳಗೆ ಸುತ್ತಲೂ ಹಳದಿ ಪಟ್ಟಿ, ಹೊಗೆಸೊಪ್ಪು ಜಗಿಯುವವರ ಹಲ್ಲಿನ ಹಾಗೆ. ಮೂಲೆಯಲ್ಲಿ ಕೈಗೆ ಲೋಳೆಲೋಳೆಯಾಗಿ ಹತ್ತುವ ಪಾಚಿ.

ಆ ಟಬ್ಬಿನ ನೀರನ್ನೇ ನಮ್ಮ ಬೀದಿ ಕುಡಿಯುತ್ತಿದ್ದುದು.

ಬೇಸಿಗೆಯಲ್ಲಿ ನಲ್ಲಿ ಒಣಗಿದರೆ ಮಿಲ್ಲಿನ ಬೋರ್‌ವೆಲ್ಲೇ ಗತಿ. ಕರೆಂಟು ಬಂದಾಗ ದೊಡ್ಡಪ್ಪ ಟಬ್ಬು ತುಂಬಿಸಿಕೊಂಡು, ಎದೆಗೆ ಟವೆಲ್ಲು ಸುತ್ತಿ, ಒದ್ದೆ ತಲೆಯಲ್ಲಿ ಬಚ್ಚಲಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆಮೇಲೆ ಚೆಂಬಿನಿಂದ ಮೊಗೆಮೊಗೆದು ಎಲ್ಲರ ಕೊಡಗಳಿಗೂ ಹಾಕುತ್ತಿದ್ದರು. ಕೈಯ ಎಣ್ಣೆ ಜಿಡ್ಡು ನೀರಿನ ಮೇಲೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ನನ್ನ ಪುಟ್ಟ ತಲೆ ಲೆಕ್ಕ ಹಾಕಿಬಿಟ್ಟಿತು: ಇವರು ಮೊದಲು ಅದರಲ್ಲಿ ಮುಳುಗಿ ಏಳುತ್ತಾರೆ, ಉಳಿದದ್ದನ್ನು ನಮಗೆ ಹಂಚುತ್ತಾರೆ. ಒಮ್ಮೆ ನಮ್ಮನೆ ಕೊಡದಲ್ಲಿ ಒಂದು ಬಿಳಿ ಕೂದಲು ಸಿಕ್ಕಿತು. ಗುಂಗುರು ಕೂದಲು. ಇನ್ನು ಸಾಕ್ಷಿ ಬೇಕೆ? ಅಂದಿನಿಂದ ಅವ್ವ ಮಾಡುವ ಸಾರಿನಲ್ಲೂ ದೊಡ್ಡಪ್ಪನ ಕಂಕುಳ ರುಚಿ ಕಾಣತೊಡಗಿತು. ಯಾರಿಗೂ ಹೇಳಲಿಲ್ಲ. ಸ್ಕೂಲಿನ ಬೋರಿಂಗಿಗೆ ಬಾಯಿ ಕೊಟ್ಟು, ಹೊಟ್ಟೆ ಕುಲುಕುವಷ್ಟು ಕುಡಿದು ಮನೆಗೆ ಬರುತ್ತಿದ್ದೆ.

ಅವರಿಗೆ ನನ್ನ ಮೇಲೆ ಅದೇನೋ ಅಕ್ಕರೆ. ಕಂಡಾಗಲೆಲ್ಲ ಚೆಂಬು ಚಾಚುವರು.

"ಬಿಸಿಲಾಗೆ ಬಂದೀಯ, ಒಂದ್ಗುಟುಕು ಕುಡೀಲೇ."

"ಬ್ಯಾಡ್ರಿ ದೊಡ್ಡಪ್ಪ, ಬಾಯಾರಿಲ್ಲ."

"ಒಂಟೆ ಮರಿ ಕಣಲೇ ನೀನು," ಎಂದು ನಕ್ಕು ಆ ನೀರನ್ನು ತಾವೇ ಕುಡಿಯುವರು. ತಾನು ಮಿಂದದ್ದನ್ನು ತಾನೇ ಕುಡಿಯುತ್ತಾನಲ್ಲ ಮಹರಾಯ ಎಂದು ನನಗೆ ಓಕರಿಕೆ ಬರುತ್ತಿತ್ತು... ಹೋದ ವರ್ಷ ಅವರು ತೀರಿಕೊಂಡರು. ಕೊನೆಯವರೆಗೂ ಅವರ ಕೈಯಿಂದ ಒಂದು ಲೋಟ ನೀರು ಕುಡಿದವನಲ್ಲ ನಾನು.

ಈಗ ಆ ಮನೆಯ ಮೇಲೆ ದೊಡ್ಡ ಟ್ಯಾಂಕು ಬಂದಿದೆ. ಟಬ್ಬು ಒಣಗಿ, ಹಲ್ಲಿಗಳು ಅದರಲ್ಲಿ ಸಂಸಾರ ಹೂಡಿದ್ದವು. ಬಚ್ಚಲಿಗೆ ಟೈಲ್ಸ್ ಹಾಕಲು ಬಂದ ಮೇಸ್ತ್ರಿ, ಇದನ್ನು ತೆಗೆದು ಹೊಸದು ಕೂರಿಸಿ ಎಂದ. ದೊಡ್ಡಮ್ಮ ನನ್ನನ್ನು ಕೇಳಿದರು. "ಗುಜರಿಗೆ ಹಾಕ್ರಿ ದೊಡ್ಡಮ್ಮ, ನೋಡಿದ್ರೆ ವಾಂತಿ ಬರ್ತೈತೆ," ಎಂದೆ. ಗುಜರಿಯವನಿಗೆ ಫೋನನ್ನೂ ಮಾಡಿದೆ. ದೊಡ್ಡಮ್ಮ ಟಬ್ಬಿನ ಅಂಚು ಸವರಿದರು. ಮೊಳಕಾಲ್ಮೂರು ಅವರ ತವರು, ಅಲ್ಲಿನ ತೆಲುಗು ಇನ್ನೂ ನಾಲಿಗೆಯಲ್ಲಿದೆ. "ಒಂದ್ಸಲ ಬಣ್ಣ ಹೊಡೆದು ನೋಡು ನಾಯನಾ. ಸರಿಹೋಗ್ದಿದ್ರೆ ಒಯ್ಲಿ," ಎಂದರು.

ನೋಡಿದೆ. ಹೊಳೆಯುವ ಬಿಳಿ ಬಣ್ಣದ ನಡುವೆ ಈಗ ನನ್ನ ಬೆನ್ನು, ಅದರ ಕೆಳಗಿನ ಭಾಗ, ಎರಡೂ ಸ್ಪಷ್ಟವಾಗಿ ಅಚ್ಚಾಗಿದ್ದವು. ಒಂದು ಹಲ್ಲಿಯ ಬಾಲವೂ ಅಂಟಿತ್ತು. ಥೂ.

ಬಚ್ಚಲ ಕಲ್ಲಿನ ಮೇಲೆ ಕೂತು ಬೆನ್ನು ತಿಕ್ಕಿಸಿಕೊಳ್ಳುತ್ತಾ, "ಈ ದರಿದ್ರದಾಗೆ ದೊಡ್ಡಪ್ಪ ದಿನಾ ಹೆಂಗ್ ಮಲಗ್ತಿದ್ರೋ," ಎಂದೆ.

ದೊಡ್ಡಮ್ಮನ ಕೈ ನಿಂತಿತು.

"ಅವರೆಲ್ಲಿ ಮಲಗಿದ್ರು? ದಿನಾ ಈ ಕಲ್ಲಿನ ಮ್ಯಾಲೆ ಕುಂತು ಎಲ್ಡು ಚೆಂಬು ಹುಯ್ಕಂತಿದ್ರು. ಆಸೆಪಟ್ಟು ತಂದಿದ್ದೇನೋ ಹೌದು. ಮೊದಲ್ನೇ ದಿನ ತುಂಬ್ಸಿ, ಇನ್ನೇನು ಕಾಲು ಇಡಬೇಕು, ನಿಮ್ಮವ್ವ ಕೊಡ ಹಿಡ್ಕಂಡು ಬಂದ್ಲು. ಕೂಸಿಗೆ ನೀರು ಹಾಕಾಕೆ ಮನ್ಯಾಗೆ ಹನಿ ಇಲ್ಲ ಅಂದ್ಲು. ಕೂಸು ಅಂದ್ರೆ ನೀನೇ. ಕಾಲು ಹಿಂದಕ್ ತಗಂಡ್ರು. ಬೀದಿ ಕುಡಿಯೋ ನೀರಾಗೆ ಕಾಲು ಇಡಬಾರ್ದು ಅಂತ ಆಮ್ಯಾಕೆ ಒಂದಿನಾನೂ ಇಳೀಲಿಲ್ಲ."

ನನ್ನ ಬೆನ್ನಿನ ಅಚ್ಚನ್ನೇ ನೋಡುತ್ತಾ ದೊಡ್ಡಮ್ಮ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡರು.

"ಗುಜರಿಯೋನಿಗೆ ಬರಬ್ಯಾಡ ಅಂತ ಹೇಳು. ಹಂಗೇ, ಒಳಗ್ ಮಲಗಿದ್ರೆ ಹೆಂಗಿರ್ತೈತೆ ಅಂತ ಒಂಚೂರು ಹೇಳು ನಾಯನಾ. ಅವರು ಕೊನೀತನಕ ಕೇಳ್ತಿದ್ರು."