ಒಂದು ಗೇಣು ಗಿಡ್ಡ ಚೌಕ

ಹಿತ್ತಿಲ ಗೋಡೆಗೆ ಪೇಂಟು ಬೇಡ, ಚಿಪ್ಪಿ ಸುಣ್ಣವೇ ಸಾಕೆಂದು ನಾನೇ ಹೇಳಿದ್ದೆ. ಕಳೆದ ವಾರ ಆಳು ಸುಣ್ಣದ ಚೀಲ ಬಿಚ್ಚಿದಾಗ ಆ ಘಾಟು ಮೂಗಿಗೆ ಬಡಿದು, ಶಂಕರಪುರದ ಹುಡುಗಿ ನೆನಪಾದಳು. ಗೆಳತಿ ಎನ್ನಲಾರೆ. ಗೆಳತಿಯಾಗಲು ನಾನು ಬಿಡಲಿಲ್ಲ.

ಎಪ್ಪತ್ತರ ದಶಕದ ಕೊನೆ ಇರಬೇಕು. ಕಾಪುವಿನ ನಮ್ಮ ಹೈಸ್ಕೂಲಿಗೆ ಬಂದ ಡ್ರಿಲ್ ಮಾಸ್ಟ್ರು ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸಿದರು. ಬೇಸ್‌ಬಾಲಿನಂಥದೇ ಆಟ. ಹೊಡೆಯುವವಳು ಸುಣ್ಣದ ಪುಡಿಯಲ್ಲಿ ಎಳೆದ ಚೌಕದೊಳಗೇ ನಿಲ್ಲಬೇಕು. "ಕಾಲು ಪೂರ್ತಿ ಹೊರಗೆ ಊರಿ ಹೊಡೆದರೆ ಔಟು. ಚೆಂಡು ಸಮುದ್ರಕ್ಕೆ ಬಿದ್ದರೂ ಔಟು" ಎನ್ನುತ್ತಿದ್ದರು. ನನ್ನ ರಂಗೋಲಿಯ ಕೈ ನೋಡಿ ಗೆರೆ ಎಳೆಯುವ ಕೆಲಸ ನನಗೇ ಕೊಟ್ಟಿದ್ದರು. ಅಳತೆಗೆ ಗಂಟು ಹಾಕಿದ ಹಗ್ಗವೊಂದಿತ್ತು.

ತಂಡದಲ್ಲಿ ನನ್ನ ಜಾಗ ಗಟ್ಟಿಯಾಗಿತ್ತು, ಅವಳು ಬರುವವರೆಗೆ. ಅವಳು ಬೆಳಗ್ಗೆ ಮಲ್ಲಿಗೆ ಕೊಯ್ದು, ಕಟ್ಟಿ, ಆಮೇಲೆ ಶಾಲೆಗೆ ಬರುವವಳು. ಬ್ಯಾಟು ಹಿಡಿದ ಮೊದಲ ದಿನವೇ ಚೆಂಡನ್ನು ತೆಂಗಿನ ಬುಡಕ್ಕೆ ಅಟ್ಟಿದಳು. ಮಾಸ್ಟ್ರು ನನಗೆ ಎಂದೂ ಹೇಳದ "ಭೇಷ್" ಅವಳಿಗೆ ಸಿಕ್ಕಿತು. ಅಂದಿನಿಂದ ಅವಳ ನಡಿಗೆ, ನಗು, ಎರಡು ಜಡೆ, ಒಂದೂ ನನಗೆ ಸೇರುತ್ತಿರಲಿಲ್ಲ.

ಮೈಸೂರಿನಲ್ಲಿ ಪಂದ್ಯವಿತ್ತು. ನಾನು ಘಟ್ಟ ಹತ್ತಿದವಳೇ ಅಲ್ಲ. ಉಳಿದದ್ದು ಒಂದೇ ಜಾಗ, ನಾವಿಬ್ಬರು. ಹೊಡೆಯಲು ಒಬ್ಬೊಬ್ಬರಿಗೆ ಒಂದೊಂದು ಸರದಿ, ಗೆದ್ದವಳಿಗೆ ಜಾಗ ಎಂದರು ಮಾಸ್ಟ್ರು.

ಹೊಡೆಯುವಾಗ ಅವಳು ಎಡಗಾಲನ್ನು ಉದ್ದಕ್ಕೆ ಮುಂದಿಡುತ್ತಿದ್ದಳು. ಊರಿದ ಕಾಲಿನ ಹಿಮ್ಮಡಿ ಮಾತ್ರ ಗೆರೆಯ ಒಳಗೆ ಉಳಿಯುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅಂದು ನಾನು ಹಗ್ಗ ಮುಟ್ಟಲಿಲ್ಲ. ಚೌಕದ ಮುಂಬದಿಯ ಗೆರೆಯನ್ನು ಒಂದು ಗೇಣು ಹಿಂದಕ್ಕೆ ಎಳೆದೆ.

ನಾನು ಕಾಲು ಕೀಳದೆ ಹೇಗೋ ಹೊಡೆದು, ಓಡಿ ಮೊದಲ ಬೇಸಿನ ಗುರುತು ಮುಟ್ಟಿದೆ. ಅವಳ ಹೊಡೆತಕ್ಕೆ ಚೆಂಡು ಕಾಂಪೌಂಡು ದಾಟಿ ಗದ್ದೆಗೆ ಹೋಯಿತು. ಹುಡುಗಿಯರು ಕೇಕೆ ಹಾಕಿದರು. ನಾನು ಮಾತ್ರ, "ಸರ್, ಕಾಲು ಹೊರಗೆ ಉಂಟು" ಎಂದೆ. ಮಾಸ್ಟ್ರು ಬಗ್ಗಿ ಹೆಜ್ಜೆ ನೋಡಿದರು. ಔಟು.

ಅವಳು ಗೆರೆಯನ್ನೇ ನೋಡುತ್ತ ಮೆಲ್ಲನೆ, "ಇವತ್ತು ಚೌಕ ಸಣ್ಣದು ಉಂಟಾ ಎಂತ?" ಎಂದಳು. ನನ್ನ ಹೆಸರೆತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನೇ, "ಹಗ್ಗ ಹಿಡಿದೇ ಎಳೆದದ್ದು ಮಾರಾಯ್ತಿ" ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಪುಸ್ತಕದ ಚೀಲ ಎತ್ತಿಕೊಂಡು ಹೋದಳು.

ಮೈಸೂರಿಗೆ ಹೊರಡುವ ಬೆಳಗ್ಗೆ ಅವಳು ಬಸ್ಸಿನ ಹತ್ತಿರ ಬಂದು ಎಲ್ಲರಿಗೂ ಒಂದೊಂದು ತುಂಡು ಮಲ್ಲಿಗೆ ಕೊಟ್ಟಳು. ನನಗೂ ಕೊಟ್ಟಳು. ಬಸ್ಸು ಹೊರಟ ಮೇಲೆ ನನ್ನದನ್ನು ಪಕ್ಕದವಳ ಮಾಲೆಗೆ ಹಿಡಿದು ಅಳೆದೆ, ನನಗೆ ಗಿಡ್ಡದ್ದು ಕೊಟ್ಟಿರುತ್ತಾಳೆಂದು. ಎರಡೂ ಸಮನಾಗಿದ್ದವು. ಅದಕ್ಕೂ ನನಗೆ ಸಿಟ್ಟು ಬಂತು. ಮೈಸೂರಿನಲ್ಲಿ ಮೂರು ದಿನ ಬೆಂಚಿನ ಮೇಲೆ ಕೂತು ಬಂದೆ.

ಆ ವರ್ಷ ಮುಗಿದ ಮೇಲೆ ಅವಳನ್ನು ನಾನು ನೋಡಲಿಲ್ಲ. ಹೋದ ವರ್ಷ ಹಳೆ ವಿದ್ಯಾರ್ಥಿಗಳು ಸೇರಿದಾಗ ಗೊತ್ತಾಯಿತು, ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ತಲೆ ನರೆತ ಹುಡುಗಿಯರೆಲ್ಲ ಅವಳ ಮಾತೇ ಆಡಿದರು. "ಗದ್ದೆಗೆ ಬಿದ್ದ ಆ ಹೊಡೆತ ನೆನಪುಂಟಾ? ಕಾಲು ಹೊರಗೆ ಇಟ್ಟಳಲ್ಲ, ಪಾಪ." ಮೈಸೂರಿಗೆ ಹೋದವಳು ನಾನೆಂದು ಒಬ್ಬರಿಗೂ ನೆನಪಿರಲಿಲ್ಲ. ಸತ್ತವಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಹೊಳೆಯಿತು: ಗೆರೆಯ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಂದು ಅವರೆಲ್ಲರೆದುರು ನಾನೂ ಹೇಳಲಿಲ್ಲ.