ಪ್ರಶ್ನಾರ್ಥಕ ಗೋತ್ರದ ಅರವತ್ತು ಮಂದಿ

ನಮ್ಮ ಮನೆತನ ಕಾಶಿಗೆ ಬಂದು ನಾಲ್ಕು ತಲೆಮಾರಾಯಿತು. ಕರ್ನಾಟಕದಿಂದ ಬರುವ ಯಾತ್ರಿಕರನ್ನು ಇಳಿಸಿಕೊಳ್ಳುವುದು, ಘಾಟಿನಲ್ಲಿ ಅವರ ಹಿರಿಯರಿಗೆ ಪಿಂಡ ಇಡಿಸುವುದು, ತರ್ಪಣ ಬಿಡಿಸುವುದು, ಹೊರಡುವಾಗ ಗಂಗೆಯ ತಂಬಿಗೆ ಕಟ್ಟಿ ಕೈಗಿಡುವುದು ನಮ್ಮ ಕಸುಬು. ಈ ಕಸುಬನ್ನು ಇಂಟರ್ನೆಟ್ಟಿಗೆ ಏರಿಸಿದ ಪಾಪ ನನ್ನದು. ಇಲ್ಲಿನ ಲಂಕಾ ಬಡಾವಣೆಯ ಕೋಚಿಂಗ್ ಸೆಂಟರಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಅಷ್ಟಕ್ಕೇ ಮನೆಯವರು ನನ್ನನ್ನು ಎಂಜಿನಿಯರ್ ಎಂದು ನಂಬಿದ್ದರು. ಆ ನಂಬಿಕೆಯನ್ನು ತಿದ್ದುವಷ್ಟು ಸತ್ಯಸಂಧತೆ ನನ್ನಲ್ಲಿರಲಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ಕಾಶಿಯ ಸೋನಾರ್‌ಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ನಾನು ಆನ್‌ಲೈನ್ ಅಂಗಡಿ ನಡೆಸುತ್ತಿದ್ದೆ. ಕಾಶಿ ದಾರ, ರುದ್ರಾಕ್ಷಿ, ಬೆಸುಗೆ ಹಾಕಿದ ಗಂಗೆ ತಂಬಿಗೆ ಮಾರಾಟಕ್ಕಿದ್ದವು. ಬರಲಾಗದವರ ಪರವಾಗಿ ಮಹಾಲಯ ಪಕ್ಷದಲ್ಲಿ ತರ್ಪಣ ಬಿಡುವ ಸೇವೆಯೂ ಇತ್ತು. ಗಿರಾಕಿಗಳು ತಮ್ಮ ಹಿರಿಯರ ಹೆಸರು, ಗೋತ್ರ ಬರೆದು ಕಳಿಸುತ್ತಿದ್ದರು, ಅಪ್ಪ ಅದನ್ನು ಘಾಟಿನಲ್ಲಿ ಓದುತ್ತಿದ್ದರು.

ಗಿರಾಕಿಗಳು ಬರೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಅಪ್ಪನಿಗೆ ಅದು ಆಗಿಬರದು. "ಲಕಾರ ಯಾವ್ದು ಳಕಾರ ಯಾವ್ದು ಅಂತ ಗೊತ್ತಾಗೋದು ಹೇಗೆ? ಸತ್ತೋರು ತಮ್ಮ ಹೆಸರು ಅಲ್ಲ ಅಂದ್ಕೊಂಡು ತಿರುಗಿ ಹೋಗ್ಬಿಟ್ರೆ?" ಎಂದರು. ಹಾಗಾಗಿ ನಾನು ಪ್ರತಿ ಆರ್ಡರನ್ನೂ ತೆರೆದು, ಇಂಗ್ಲಿಷ್ ಅಳಿಸಿ, ಶುದ್ಧ ಕನ್ನಡದಲ್ಲಿ ಬರೆದಿಡುತ್ತಿದ್ದೆ. ಭಾಷಾಭಿಮಾನ ನೋಡಿ. ಇಂಗ್ಲಿಷನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಕನ್ನಡ ಬರೆಯಬಹುದಿತ್ತು ಎಂಬುದು ಎಂಜಿನಿಯರಿಗೆ ಹೊಳೆದಿರಲಿಲ್ಲ.

ಆ ವರ್ಷ ನಮ್ಮ ಅಂಗಡಿಗೆ ಜಾಗ ಕೊಟ್ಟಿದ್ದ ಕಂಪನಿಯಿಂದ ಪತ್ರ ಬಂತು. ದೀಪಾವಳಿಯ ಹೊತ್ತಿಗೆ ಬಾಗಿಲು ಹಾಕುತ್ತೇವೆ, ಬೇರೆ ಪ್ಲಾಟ್‌ಫಾರ್ಮ್ ನೋಡಿಕೊಳ್ಳಿ ಎಂದು ಬಹಳ ವಿನಯದಿಂದ ಬರೆದಿದ್ದರು. ಪಂಚಾಂಗವಿಲ್ಲದೆ ಹಲ್ಲುಜ್ಜದ ನನ್ನ ಚಿಕ್ಕಪ್ಪ, "ಪ್ಲಾಟ್‌ಫಾರ್ಮ್ ಬದಲಾಯ್ತಾ? ಯಾವ ಗಾಡಿದು?" ಎಂದು ಕೇಳಿದರು. ವಿವರಿಸಿದೆ. ಹಾಗಾದರೆ ಇದು ಗೃಹಪ್ರವೇಶವೇ ಸರಿ ಎಂದು, ಪಕ್ಷ ಶುರುವಾಗಲು ಒಂಬತ್ತು ದಿನ ಮುಂಚೆ, ಬೆಳಿಗ್ಗೆ ಹತ್ತು ನಲವತ್ತಕ್ಕೆ ಮುಹೂರ್ತ ಇಟ್ಟರು. ವರ್ಷದಲ್ಲೇ ಹೆಚ್ಚು ಆರ್ಡರ್ ಬರುವ ದಿನಗಳವು. ಅಂಗಡಿ ಸಾಗಿಸಲು ಅದಕ್ಕಿಂತ ಕೆಟ್ಟ ವಾರವನ್ನು ಯಾವ ಶತ್ರುವೂ ಹುಡುಕಿಕೊಡುತ್ತಿರಲಿಲ್ಲ.

ಸಾಗಿಸುವ ಕೆಲಸಕ್ಕೆ ಬಂದವರು ನನಗೆ ಕಂಪ್ಯೂಟರ್ ಕಲಿಸಿದ ಕೋಚಿಂಗ್ ಸೆಂಟರಿನ ಮೇಷ್ಟ್ರೇ. ಬಾಯಿ ತುಂಬ ಪಾನ್, ಮನಸ್ಸಿನ ತುಂಬ ಧೈರ್ಯ. ಮೊದಲು ಬೇರೆ ಕಡೆ ಮಾಡಿ ನೋಡೋಣವೇ, ಏನಾದರೂ ಹೆಚ್ಚುಕಡಿಮೆಯಾದರೆ ಏನು ಗತಿ ಎಂದು ಕೇಳಿದೆ.

"ಅರೆ ದೀದಿ, ಟೆನ್ಶನ್ ಮತ್ ಲೀಜಿಯೆ. ಏಕ್ ಘಂಟೆ ಕಾ ಕಾಮ್ ಹೈ," ಎಂದರು. "ಬ್ಯಾಕಪ್? ತೀನ್-ತೀನ್ ಸಿ.ಡಿ. ಬನಾ ದೂಂಗಾ."

ಒಂದಲ್ಲ, ಮೂರು ಸಿ.ಡಿ.! ಅಷ್ಟು ಕೇಳಿದ ಮೇಲೂ ಅನುಮಾನ ಪಟ್ಟರೆ ಗುರುನಿಂದೆಯಾಗುತ್ತದೆ ಎಂದು ಸುಮ್ಮನಾದೆ.

ಚಿಕ್ಕಪ್ಪ ಮಾನಿಟರಿಗೆ ಕುಂಕುಮ ಹಚ್ಚಿದರು. ಮೇಷ್ಟ್ರು ಹಳೆಯ ಅಂಗಡಿಯ ಸರಕುಪಟ್ಟಿ, ಆರ್ಡರುಗಳನ್ನೆಲ್ಲ ಒಂದು ಫೈಲಿಗೆ ಇಳಿಸಿದರು, ಫೈಲನ್ನು ತೆರೆದು ಸ್ವಲ್ಪ "ಸಾಫ್" ಮಾಡಿ ಮುಚ್ಚಿದರು, ಹೊಸ ಅಂಗಡಿಗೆ ಏರಿಸಿದರು. ಒಂದು ಗಂಟೆ ಎಂದಿದ್ದವರು ಐವತ್ತೇ ನಿಮಿಷದಲ್ಲಿ ಮುಗಿಸಿದರು. ಚಿಕ್ಕಪ್ಪ ಪೇಡಾ ಹಂಚಿದರು. ಮೇಷ್ಟ್ರು ಎರಡು ತಿಂದು, ಮೂರು ಸಿ.ಡಿ. ಕೊಟ್ಟು, ಹೊರಟುಹೋದರು.

ಮಧ್ಯಾಹ್ನ ಊಟ ಮುಗಿಸಿ ಬಂದು ಮೊದಲ ಆರ್ಡರ್ ತೆರೆದೆ. ಊರಿನ ಪಿನ್‌ಕೋಡ್ ಇತ್ತು, ಫೋನ್ ನಂಬರ್ ಇತ್ತು. ಹಿರಿಯರ ಹೆಸರು ಇರಬೇಕಾದ ಕಡೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಗೋತ್ರದಲ್ಲೂ ಅದೇ. ಮುಂದಿನದನ್ನು ತೆರೆದೆ, ಅದರ ಮುಂದಿನದನ್ನು ತೆರೆದೆ. ಕನ್ನಡದಲ್ಲಿ ಬರೆದಿದ್ದೆಲ್ಲ ಪ್ರಶ್ನೆಯಾಗಿತ್ತು. ಒತ್ತಕ್ಷರ ಹೆಚ್ಚಿದ್ದವರಿಗೆ ಚಿಹ್ನೆಯೂ ಎರಡು ಹೆಚ್ಚು. ಅದರಲ್ಲಿ ಮಾತ್ರ ಯಾರಿಗೂ ಅನ್ಯಾಯವಾಗಿರಲಿಲ್ಲ. ಸಿ.ಡಿ. ಹಾಕಿ ನೋಡಿದೆ. ಮೂರರಲ್ಲೂ ಪ್ರಶ್ನಾರ್ಥಕಗಳು ಬಹಳ ಸುರಕ್ಷಿತವಾಗಿದ್ದವು.

ಮೇಷ್ಟ್ರಿಗೆ ಫೋನ್ ಮಾಡಿ, ಹಳೆಯ ಅಂಗಡಿಯಿಂದ ಇನ್ನೊಮ್ಮೆ ತೆಗೆಯೋಣ ಎಂದೆ.

"ಪುರಾನಾ ತೋ ಡಿಲೀಟ್ ಕರ್ ದಿಯಾ, ದೀದಿ. ದೋ ದುಕಾನ್ ರಹೇಗಾ ತೋ ಗಾಹಕ್ ಕನ್‌ಫ್ಯೂಜ್ ಹೋಗಾ ನ."

ಗಿರಾಕಿಗೆ ಗೊಂದಲವಾಗಬಾರದೆಂದು ಹಳೆಯದನ್ನು ಅಳಿಸಿದ ಪುಣ್ಯಾತ್ಮನಿಗೆ ಏನು ಹೇಳುವುದು? ಫೋನ್ ಇಟ್ಟೆ. ನಡುಮನೆಗೆ ಹೋಗಿ ದರ್ಭೆ ಕಟ್ಟುತ್ತಿದ್ದ ಅಪ್ಪನ ಮುಂದೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಎಷ್ಟು ಜನ?"

"ಅರವತ್ತು ಮನೆಯೋರು, ಅಪ್ಪ."

ಅಪ್ಪ ದರ್ಭೆ ಕೆಳಗಿಟ್ಟರು. "ಪ್ರಶ್ನಾರ್ಥಕ ಗೋತ್ರೋತ್ಪನ್ನಸ್ಯ ಅಂತ ಹೇಳ್ಲಾ ಈ ಸಲ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನನಗೆ ಅಳು ಬಂತು. ಚಿಕ್ಕಪ್ಪ ಮಾತ್ರ ಪಂಚಾಂಗ ತಿರುವಿ, ಮೇಷ್ಟ್ರು ಕೆಲಸ ಹತ್ತು ನಿಮಿಷ ಮೊದಲೇ ಮುಗಿಸಿದ್ದೇ ದೋಷ ಎಂದು ಕಂಡುಹಿಡಿದರು.

ಅಪ್ಪನ ಬಳಿ ಸಂಸ್ಕೃತ ಪದಗಳ ಅನುಮಾನ ಕೇಳಲು ಆಗಾಗ ಬರುತ್ತಿದ್ದ ಟಿಬೆಟಿನವರೊಬ್ಬರಿದ್ದರು. ಸಾರನಾಥದಲ್ಲಿ ಹಳೆಯ ಗ್ರಂಥಗಳನ್ನು ಕಂಪ್ಯೂಟರಿಗೆ ಏರಿಸುವುದು ಅವರ ಕೆಲಸ. ಮರುದಿನ ಆಟೋ ಹಿಡಿದು, ಮೂರು ಸಿ.ಡಿ. ತೆಗೆದುಕೊಂಡು ಅವರಲ್ಲಿಗೆ ಹೋದೆ. ಒಂದನ್ನು ನೋಡಿದರು, ಉಳಿದೆರಡನ್ನು ಮುಟ್ಟಲೂ ಇಲ್ಲ. ಫೈಲನ್ನು ತೆರೆದು ಮುಚ್ಚಿದಾಗ ಅದು ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯನ್ನು ಉಳಿಸಿಕೊಳ್ಳಲಿಲ್ಲ, ಇದರಿಂದ ಅಕ್ಷರವನ್ನು ಮತ್ತೆ ಹುಟ್ಟಿಸಲಾಗದು ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ತಮಗೂ ಒಮ್ಮೆ ಹೀಗಾಗಿ ಒಂದು ಅಧ್ಯಾಯವೇ ಹೋಗಿತ್ತಂತೆ. ಆಮೇಲೆ ಹಿಂದಿಯಲ್ಲೇ ಕೇಳಿದರು: "ಹಳೇ ಕಂಪನಿ ತನ್ನದೇ ಒಂದು ನಕಲು ಇಟ್ಕೊಂಡಿರತ್ತೆ. ಕೇಳಿದ್ರಾ?"

ಕೇಳಿರಲಿಲ್ಲ. ಅಲ್ಲೇ ಕೂತು ಮೇಲ್ ಬರೆದೆ. ನಿಮ್ಮ ಪತ್ರ ನಮಗೆ ಅಮೂಲ್ಯ ಎಂಬ ಉತ್ತರ ತಕ್ಷಣ ಬಂತು. ಆಮೇಲೆ ಮೌನ.

ಕಾಯುತ್ತಾ ಕೂರುವ ಹಾಗಿರಲಿಲ್ಲ. ಫೋನ್ ನಂಬರುಗಳು ಉಳಿದಿದ್ದವಲ್ಲ, ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದೆ. "ಕಾಶಿಯಿಂದ ಮಾತಾಡ್ತಿದೀನಿ, ನಿಮ್ಮ ಹಿರಿಯರ ಹೆಸರು ಇನ್ನೊಂದ್ಸಲ ಹೇಳ್ತೀರಾ?" ಎಂದರೆ ಕೆಲವರು ಮೋಸವೆಂದು ತಿಳಿದು ಇಟ್ಟುಬಿಟ್ಟರು. ಒಬ್ಬ ನಿವೃತ್ತ ಮೇಷ್ಟ್ರು, ಪವಿತ್ರ ಕ್ಷೇತ್ರದಲ್ಲಿದ್ದೂ ಇಂಥ ಬೇಜವಾಬ್ದಾರಿಯೇ ಎಂದು ಕಾಲು ಗಂಟೆ ಬೈದು, ಉಸಿರು ತಿರುಗಿದ ಮೇಲೆ ಏಳು ತಲೆಮಾರು ಬರೆಸಿದರು. ಅವರ ಆರ್ಡರಿನಲ್ಲಿ ಇದ್ದದ್ದು ಮೂರೇ.

ನಾಲ್ಕನೆಯ ದಿನ ಹಾಸನದ ಕಡೆಯ ಹೆಂಗಸೊಬ್ಬರು ಸಿಕ್ಕರು. ನನ್ನ ಮಾತು ಕೇಳಿ ಮರುಪ್ರಶ್ನೆ ಹಾಕಿದರು.

"ಮೊದ್ಲು ಬರ್ಸಿದ್ದು ನಿಮ್ ಹತ್ರ ಏನೂ ಇಲ್ವಾ?"

"ಇಲ್ಲಮ್ಮ. ಹೋಗ್ಬಿಟ್ಟಿದೆ."

"ಪೂರ್ತಿ?"

"ಪೂರ್ತಿ."

"ಹಾಗಾದ್ರೆ ಈಗ ಬೇರೆ ಬರ್ಕೊಳ್ಳಿ. ಅದು ನಮ್ಮನೆಯೋರು ಬರ್ಸಿದ್ದು, ನಮ್ಮತ್ತೇದು. ಅತ್ತೆಗೆ ಇಲ್ಲೇ ಮೂರು ಕಡೆ ತಿಥಿ ನಡೀತದೆ." ದನಿ ತಗ್ಗಿಸಿದರು. "ನಂಗೊಬ್ಳು ಅಕ್ಕ ಇದ್ಲು. ಮದ್ವೆ ಆಗ್ದೇನೇ ಹೋದ್ಲು. ಅವಳಿಗೆ ಯಾರೂ ಏನೂ ಮಾಡಿಲ್ಲ. ಅವಳ್ದು ಆಗತ್ತಾ?"

ಫೋನಿನ ಬಾಯಿ ಮುಚ್ಚಿ ಅಪ್ಪನನ್ನು ಕೇಳಿದೆ. "ಪಕ್ಷದಲ್ಲಿ ಅಕ್ಕತಂಗೇರಿಗೂ ಜಾಗ ಇದೆ. ತವರಿನ ಗೋತ್ರ ಕೇಳಿ ಬರಿ," ಎಂದರು. ಕೇಳಿ ಬರೆದೆ, ಈ ಸಲ ನೋಟುಪುಸ್ತಕದಲ್ಲಿ, ಶಾಯಿಯಲ್ಲಿ.

ಆರನೆಯ ದಿನ ಹಳೆಯ ಕಂಪನಿಗೆ ನಮ್ಮ ಅಮೂಲ್ಯತೆ ಮನವರಿಕೆಯಾಯಿತು. ವಾರದ ಹಿಂದಿನ ನಕಲು ಕಳಿಸಿದರು, ಹಳೆಯ ಅಂಗಡಿಯನ್ನೂ ಮರಳಿ ತೆರೆದುಕೊಟ್ಟರು. ಈ ಬಾರಿ ಸಾರನಾಥದವರೇ ಬಂದು ಕೂತರು. ಪೇಡಾ ಇಲ್ಲ, ಧೈರ್ಯದ ಮಾತಿಲ್ಲ. ಬಂದ ಫೈಲನ್ನು ತೆರೆಯದೆ ಮೊದಲು ಎರಡು ಕಡೆ ನಕಲು ಇಟ್ಟರು. ಹೊಸ ಕಡೆ ಯಾರಿಗೂ ಕಾಣದ ಪರೀಕ್ಷೆಯ ಅಂಗಡಿಯೊಂದನ್ನು ಮಾಡಿ, ಅದಕ್ಕೆ ಒಂದೇ ಒಂದು ಆರ್ಡರ್ ಸಾಗಿಸಿದರು. "ಓದಿ," ಎಂದರು. ಓದಿದೆ. ಆಮೇಲೆ ಹತ್ತು. ಒಂದೊಂದು ಹೆಸರನ್ನೂ ನಾನು ಗಟ್ಟಿಯಾಗಿ ಓದಬೇಕು, ಅವರು ಹಳೆಯದರ ಮೇಲೆ ಬೆರಳಿಟ್ಟು ಆಕಾರ ಹೋಲಿಸಬೇಕು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ನಾನು ಅವಸರದಲ್ಲಿ ಬಿಟ್ಟ ಒಂದು ಅರ್ಕಾವೊತ್ತನ್ನು ಹಿಡಿದರು. ನಾವೇ ಒಂದು ದಾರ ಕೊಂಡು, ನಮಗೇ ಬಿಲ್ ಬರುತ್ತದೆಯೇ ಎಂದೂ ನೋಡಿದೆವು.

ಎಲ್ಲ ಸರಿಯಿದೆ ಎಂದ ಮೇಲೆ ಹಳೆಯ ಅಂಗಡಿಯಲ್ಲಿ ಹೊಸ ಆರ್ಡರ್ ನಿಲ್ಲಿಸಿದರು, ಆದರೆ ಅಳಿಸಲಿಲ್ಲ. ಹಳೆಯ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸದಕ್ಕೆ ಹೋಗುವ ಹಾಗೆ ಮಾಡಿದರು. ಇದೆಲ್ಲ ನಡೆದದ್ದು ಶುದ್ಧ ರಾಹುಕಾಲದಲ್ಲಿ. ಚಿಕ್ಕಪ್ಪ ಅಂಗಳದಲ್ಲಿ ನಿಂತು ತಲೆ ಚಚ್ಚಿಕೊಂಡರು. ರಾಹುವಿಗೆ ಕಂಪ್ಯೂಟರ್ ಬರುತ್ತಿರಲಿಲ್ಲವೋ ಏನೋ, ಒಂದಕ್ಷರವೂ ಕದಲಲಿಲ್ಲ.

ಆದರೆ ಹಳೆಯ ಪಟ್ಟಿಯನ್ನು ನನ್ನ ನೋಟುಪುಸ್ತಕದ ಜೊತೆ ಇಟ್ಟು ನೋಡಿದರೆ ಹನ್ನೊಂದು ಮನೆಗಳಲ್ಲಿ ಹೆಸರೇ ಬೇರೆ. ಹಾಸನದ ಹೆಂಗಸು ಒಬ್ಬರೇ ಅಲ್ಲ. ಒಬ್ಬರು ಭಾವನನ್ನು ಬಿಟ್ಟು ಗೆಳೆಯನನ್ನು ಸೇರಿಸಿದ್ದರು. ಇನ್ನೊಬ್ಬರು ಶ್ರೀಮಂತ ಸೋದರಮಾವನನ್ನು ಕೈಬಿಟ್ಟು ಸಾಕಿದ ಅಜ್ಜಿಯನ್ನು ತಂದಿದ್ದರು. ಎರಡನೆಯ ಸಲ ಕೇಳಿದಾಗ ಮನುಷ್ಯರು ನಿಜ ಹೇಳುತ್ತಾರೆ ಎಂದು ಯಾವ ಕೋಚಿಂಗ್ ಸೆಂಟರಿನಲ್ಲೂ ಕಲಿಸಿರಲಿಲ್ಲ.

"ಯಾವ್ದು ಓದ್ತೀರಿ?" ಎಂದು ಅಪ್ಪನನ್ನು ಕೇಳಿದೆ.

"ಫೋನಲ್ಲಿ ಹೇಳಿದ್ದು. ಹಳೇದನ್ನೂ ಕೊನೇಲಿ ಸೇರ್ಸು, ನೀರಿಗೇನು ಬರವಾ ಇಲ್ಲಿ?"

ಪಕ್ಷದ ಮೊದಲ ಬೆಳಿಗ್ಗೆ ಅಪ್ಪ ಸೊಂಟದವರೆಗೆ ನೀರಿನಲ್ಲಿ ನಿಂತರು. ನಾನು ಮೆಟ್ಟಿಲ ಮೇಲೆ ನಿಂತು ಪಟ್ಟಿ ಓದುತ್ತಾ ಹೋದೆ. ಅರವತ್ತು ಮನೆ ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು. ಯಾರ ಹೆಸರೂ ತಪ್ಪಲಿಲ್ಲ.

ವಾರದ ಮೇಲೆ ಹಾಸನದ ಹೆಂಗಸು ಫೋನ್ ಮಾಡಿದರು. "ನಮ್ಮಕ್ಕನ ಹೆಸ್ರು ಓದಿದ್ರಾ?" ಗಿರಾಕಿಗಳ ಫೋನನ್ನು ಎಂದೂ ಮುಟ್ಟದ ಅಪ್ಪ ಕೈ ಚಾಚಿ ತೆಗೆದುಕೊಂಡರು. ಗೋತ್ರದ ಸಮೇತ, ನೀರಿನಲ್ಲಿ ಹೇಗೆ ಹೇಳಿದ್ದರೋ ಹಾಗೆಯೇ ಆ ಹೆಸರನ್ನು ಹೇಳಿದರು. ಆ ಕಡೆಯಿಂದ ಅವರು ಮೂಗೊರೆಸಿಕೊಂಡು, ಐದು ಮುಖದ ರುದ್ರಾಕ್ಷಿ ಹೊಸದು ಬಂದಿದೆಯೇ ಎಂದು ಕೇಳಿದರಂತೆ.

"ಅದು ನನ್ ಇಲಾಖೆ ಅಲ್ಲಮ್ಮ," ಎಂದು ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದರು.