ಒಂದೇ ಸೂಜಿ

ಪಶು ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳು ಹಸುಗಳ ರಕ್ತ ನೋಡುತ್ತಿದ್ದಳು. ಎಲ್ಲರಿಗೂ ಅವಳು ಸ್ಲೈಡಕ್ಕ. ಹಸುವಿನ ಕಿವಿಯ ತುದಿಯಿಂದ ತೆಗೆದ ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ನೇರಳೆ ಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಸಾಕು, ರೋಗ ಯಾವುದೆಂದು ಹೇಳಿಬಿಡುತ್ತಿದ್ದಳು. ಸಗಣಿ, ಕೀವು ಯಾವುದಕ್ಕೂ ಮೂಗು ಮುರಿದವಳಲ್ಲ. ಉಣ್ಣೆಯೊಂದನ್ನು ಕಂಡರೆ ಮಾತ್ರ ಮೈ ಜುಂ ಎನ್ನುತ್ತಿತ್ತು. ರಕ್ತ ಕುಡಿದು ಹರಳುಬೀಜದಂತೆ ಊದಿಕೊಂಡ ಆ ಹುಳು ಒಣ ಹವೆಯ ಆ ಊರಿನ ಪ್ರತಿ ಗೋಡೆಯ ಬಿರುಕಿನಲ್ಲೂ ಇತ್ತು.

ಆ ಬೇಸಿಗೆಯಲ್ಲಿ ಅವಳ ತಮ್ಮನ ಡೇರಿಯಿಂದ ಹತ್ತು ದಿನಕ್ಕೆ ಏಳು ಸ್ಲೈಡ್ ಬಂದವು. ಏಳರಲ್ಲೂ ಅದೇ ಕಥೆ. ರಕ್ತಕಣದ ಅಂಚಿಗೆ ಕಪ್ಪು ಚುಕ್ಕೆ, ಉಣ್ಣೆ ಕಚ್ಚಿ ರಕ್ತದಿಂದ ರಕ್ತಕ್ಕೆ ಹರಡುವ ರೋಗದ ಗುರುತು. ಹಸುಗಳಿಗೆ ಜ್ವರ, ಕಣ್ಣು ಅರಿಶಿನದ ಬಣ್ಣ, ಸಗಣಿ ಕಲ್ಲಿನಂತೆ ಗಟ್ಟಿ, ಹಾಲು ಅರ್ಧಕ್ಕರ್ಧ.

"ಉಣ್ಣೆಗೆ ಔಷಧಿ ಹೊಡೆದಿದ್ದೀನಿ ಅಂತಾನೆ ನಿಮ್ಮ ತಮ್ಮ," ಎಂದರು ಡಾಕ್ಟರು. "ಆದರೂ ಸಾಲಿಗೆ ಸಾಲೇ ಮಲಗ್ತಾ ಇದೆಯಲ್ಲ?"

ಸಾಲಿಗೆ ಸಾಲು ಎಂಬ ಮಾತು ಅವಳ ತಲೆಯಲ್ಲಿ ಕೊರೆಯತೊಡಗಿತು. ಹುಳು ಹಸುಗಳನ್ನು ಎಣಿಸಿಕೊಂಡು ಕಚ್ಚುವುದಿಲ್ಲ. ಮಧ್ಯಾಹ್ನದ ಹಾಲು ಕರೆಯುವ ಹೊತ್ತಿಗೆ ತಾನೇ ಡೇರಿಗೆ ಹೋದಳು.

ತಮ್ಮ ಸಿರಿಂಜ್ ಹಿಡಿದು ಸಾಲಿನ ಮೊದಲ ಹಸುವಿನ ಬಳಿ ನಿಂತಿದ್ದ. ಹಾಲು ಬೇಗ ಇಳಿಯಲಿ ಎಂದು ಕುತ್ತಿಗೆಗೆ ಚುಚ್ಚಿದ. ಸೂಜಿಯನ್ನು ಪ್ಯಾಂಟಿಗೆ ಒರೆಸಿ ಎರಡನೆಯದಕ್ಕೆ ಚುಚ್ಚಿದ. ಮತ್ತೆ ಒರೆಸಿ ಮೂರನೆಯದಕ್ಕೆ. ತೊಡೆಯ ಮೇಲೆ ಅಂಗೈಯಗಲ ಕಂದು ಕಲೆ, ಅದರ ತುಂಬ ನೊಣ. ಸೂಜಿಯ ಬುಡದಲ್ಲಿ ರಕ್ತ ಗರಣೆ ಕಟ್ಟಿ, ಅದಕ್ಕೊಂದು ಕೂದಲು ಅಂಟಿತ್ತು.

"ಎಲ್ಲಕ್ಕೂ ಒಂದೇ ಸೂಜಿನಾ?"

"ಹಸು ತಾನೇ ಅಕ್ಕ? ಅವೇನು ಎಂಜಲು ನೋಡ್ತಾವಾ?" ಎಂದು ನಕ್ಕ.

ದಿನಾ ಬೆಳಿಗ್ಗೆ ಇದೇ ಡೇರಿಯ ಹಾಲು ಅವಳ ಮನೆಗೂ ಬರುತ್ತಿತ್ತು.

"ಕಾಯಿಲೆ ಬಿದ್ದ ಹಸುವಿನ ರಕ್ತಾನ ನೀನೇ ಪಕ್ಕದ್ದಕ್ಕೆ ಚುಚ್ತಾ ಇದ್ದೀಯ ಕಣೋ. ಉಣ್ಣೆಗೂ ನಿನಗೂ ಏನು ವ್ಯತ್ಯಾಸ?"

ಅವನ ನಗು ಇಂಗಿತು. "ಡಾಕ್ಟರೂ ಇದನ್ನೇ ಹೇಳಿದ್ರು, ಹೋದ ವರ್ಷ. ದಿನಾ ನಲವತ್ತು ಸೂಜಿ ಯಾರು ಬದಲಾಯಿಸ್ತಾರೆ? ಡಲ್ಲಾದವನ್ನ ಮಾರಿದರಾಯ್ತು. ಮೊನ್ನೆ ಒಂದನ್ನ ಟೈಲರಮ್ಮನಿಗೆ ದಾಟಿಸಿದೆ."

ಗೊತ್ತಿದ್ದೂ ಮಾಡಿದ್ದ. ಆಸ್ಪತ್ರೆಯ ಪಕ್ಕದ ಬೀದಿಯ ಟೈಲರಮ್ಮನಿಗೆ ಇದ್ದದ್ದು ಅದೊಂದೇ ಹಸು. ಸ್ಲೈಡಕ್ಕ ಅಲ್ಲಿಂದ ನೆಟ್ಟಗೆ ಅವಳ ಮನೆಗೆ ನಡೆದಳು. ಹಸು ಗೋಡೆಗೆ ಒರಗಿ ಏದುಸಿರು ಬಿಡುತ್ತಿತ್ತು. ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಕಾಗದದಷ್ಟು ಬಿಳಿ. ಡಾಕ್ಟರು ಓಡಿ ಬಂದು ಇಂಜೆಕ್ಷನ್ ಕೊಟ್ಟರೂ ಮಾರನೆಯ ಮಧ್ಯಾಹ್ನ ಅದು ಸತ್ತಿತು.

ಸ್ಲೈಡಕ್ಕ ವರದಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಳು. ಸೂಜಿ, ಪ್ಯಾಂಟು, ಮಾರಾಟ ಯಾವುದನ್ನೂ ಬಿಡಲಿಲ್ಲ. ಸಂಜೆ ಅಮ್ಮ ಬಂದು ಬಾಗಿಲಲ್ಲೇ ನಿಂತಳು.

"ಒಡಹುಟ್ಟಿದವನ ಹೆಸರು ಕೆಡಿಸಿ ನಿನಗೇನು ಸಿಗುತ್ತೆ?"

"ಕೆಡಿಸೋಕೆ ನಾನು ಬೇಕಾ ಅಮ್ಮ? ಅವನ ಪ್ಯಾಂಟೇ ಸಾಕು."

ಅಮ್ಮ ಆ ಮನೆಗೆ ಮತ್ತೆ ಆರು ತಿಂಗಳು ಕಾಲಿಡಲಿಲ್ಲ.

ವರದಿಯ ಬಿಸಿ ತಮ್ಮನಿಗೆ ತಟ್ಟಿತು. ಹಾಲು ಕೊಳ್ಳುವ ಕೇಂದ್ರ ಅವನ ಕ್ಯಾನುಗಳನ್ನು ವಾಪಸು ಕಳಿಸಿತು. ಟೈಲರಮ್ಮನಿಗೆ ಅವನು ಒಳ್ಳೆಯ ಹಸುವನ್ನೇ ಕಟ್ಟಿಕೊಡಬೇಕಾಯಿತು. ಅಷ್ಟರಲ್ಲಿ ಅವನ ಡೇರಿಯಲ್ಲೂ ನಾಲ್ಕು ಸತ್ತಿದ್ದವು. ಸೂಜಿಯ ಕೆಲಸ ಅವನ ಹೆಂಡತಿಯ ಕೈಗೆ ಹೋಯಿತು. ಹಾಲಿಗೆಂದು ಚುಚ್ಚುವುದನ್ನೇ ಆಕೆ ನಿಲ್ಲಿಸಿದಳು. ಔಷಧಿಗೆ ಮಾತ್ರ ಹಸುವಿಗೊಂದು ಹೊಸ ಸೂಜಿ.

ಒಂದು ದಿನ ಆಕೆ ಹಾಲಿನ ತಂಬಿಗೆ ಹಿಡಿದು ಬಂದಳು. "ಈಗ ಎಲ್ಲ ಶುದ್ಧ ಅತ್ತಿಗೆ, ನಾನೇ ಕಾದು ನಿಂತಿರ್ತೀನಿ."

ಸ್ಲೈಡಕ್ಕ ಆಕೆಯನ್ನು ಕೂರಿಸಿ ಮಾತಾಡಿಸಿದಳು, ಕಾಯಿಸಿದ ಹಾಲನ್ನು ಒಂದು ಗುಟುಕು ಬಾಯಿಗೂ ಇಟ್ಟಳು. ನುಂಗಲಾಗಲಿಲ್ಲ. ಬಚ್ಚಲಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದು ಹೇಳಿದಳು: "ನಿನ್ನ ತಪ್ಪಲ್ಲಮ್ಮ. ನನಗಿನ್ನು ಕಪ್ಪು ಚಹಾನೇ ಸರಿ."